ಹುಳುಮನೆಯಲ್ಲಿ ಸಾಬರ ಪ್ಲೇಟುಗಳು

ಹಜ್ ಯಾತ್ರೆಗೆ ಹೊರಡುವ ಮುಂಚೆ ದಸ್ತಗೀರ್ ಸಾಬರು ಶಿಡ್ಲಘಟ್ಟದಲ್ಲಿ ತಮ್ಮ ಗುರುತಿನವರ ಮನೆಗೆಲ್ಲ ಹೋಗಿ ಮಾಫಿ ಕೇಳಿ ಬಂದರು. ಅವರಲ್ಲಿ ಅದು ಪದ್ಧತಿ. ಬೊಂಬಾಯಿಗೆ ಹೋಗಿ ಹಡಗು ಹತ್ತಬೇಕು, ಸಮುದ್ರ ದಾಟಬೇಕು, ವಯಸ್ಸಾದವರು ತಿರುಗಿ ಬಂದೇ ಬರುತ್ತಾರೆಂಬ ಭರವಸೆ ಯಾರಿಗೂ ಇಲ್ಲ. ಆದ್ದರಿಂದ ಅಂದದ್ದು ಆಡಿದ್ದನ್ನೆಲ್ಲ ಮನ್ನಿಸಿಬಿಡಿ ಎಂದು ಕೈ ಹಿಡಿದು ಕೇಳಿಕೊಂಡು ಹೊರಡುತ್ತಾರೆ. ಸಾಬರು ಮೇಷ್ಟ್ರ ಮನೆಗೆ ಹೋದರು, ಸೌದೆ ಮಂಡಿಗೆ ಹೋದರು, ಎಂದೋ ಜಗಳವಾಡಿ ಮಾತು ಬಿಟ್ಟಿದ್ದ ಸೋದರಳಿಯನ ಮನೆಗೂ ಹೋದರು. ದಿಬ್ಬೂರಹಳ್ಳಿಯ ಗಂಗುಲಪ್ಪನನ್ನು ಮಾತ್ರ ಕೇಳಲಿಲ್ಲ.

"ನನ್ನೊಬ್ಬನ್ನ ಯಾಕೆ ಬಿಟ್ರಿ?" ಎಂದು ಗಂಗುಲಪ್ಪ ಮುಖ ಊದಿಸಿಕೊಂಡು ಕೇಳಿದ.

"ನಿನ್ನ ಹತ್ರ ಶುರು ಮಾಡಿದ್ರೆ ಹಡಗು ಹೊರಟೋಗ್ತದಪ್ಪಾ," ಎಂದರು ಸಾಬರು. "ಒಂದಾ ಎರಡಾ ನಮ್ಮ ಜಗಳ!"

ಆಮೇಲೆ ಒಳಗೆ ಹೋಗಿ ಒಂದು ತಗಡಿನ ಟ್ರಂಕನ್ನು ಎರಡು ಕೈಯಲ್ಲಿ ಎತ್ತಿ ತಂದು ಅವನ ಮುಂದಿಟ್ಟರು.

"ಇದು ನಿನ್ನ ಹತ್ರ ಇರ್ಲಿ. ಅಮಾನತ್ತು."

ಅಮಾನತ್ತು ಎಂದರೆ ನಂಬಿ ಒಪ್ಪಿಸಿದ ವಸ್ತು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂದಕ್ಕೆ ಒಪ್ಪಿಸಬೇಕು. ಟ್ರಂಕಿನೊಳಗೆ ಏನಿದೆಯೆಂದು ಗಂಗುಲಪ್ಪ ಕೇಳಬೇಕಾಗಿರಲಿಲ್ಲ. ಸಾಬರ ಗ್ರಾಮಫೋನ್ ಪ್ಲೇಟುಗಳೆಲ್ಲ ಅದರಲ್ಲಿದ್ದವು.

ಸಾಬರದು ರೇಷ್ಮೆ ನೂಲು ತೆಗೆಸುವ ಮನೆ. ಗಂಗುಲಪ್ಪನದು ಹಿಪ್ಪುನೇರಳೆ ತೋಟ, ಹುಳು ಸಾಕಣೆ, ಮತ್ತು ಮೂಗಿನ ತುದಿಯಲ್ಲಿ ಕೋಪ. ಮೊದಲ ಸಲ ಗೂಡು ತಂದಾಗ ಸಾಬರು ಒಂದು ಗೂಡನ್ನು ಬೆರಳಲ್ಲಿ ಅದುಮಿ ನೋಡಿ "ಮೆತ್ತಗೈತೆ" ಎಂದದ್ದಕ್ಕೆ ಅವನು ಚೀಲವನ್ನು ಹೆಗಲಿಗೆ ಎಸೆದುಕೊಂಡು, ಅವರ ವಂಶವನ್ನೆಲ್ಲ ಬೈದುಕೊಂಡು ಮೆಟ್ಟಿಲಿಳಿದಿದ್ದ. ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಯಾರೋ ಪ್ಲೇಟು ಹಾಕಿದರು. ಒಬ್ಬಳು ಹೆಂಗಸು ಹಾಡುತ್ತಿದ್ದಳು. ಗಂಗುಲಪ್ಪ ಕೊನೆಯ ಮೆಟ್ಟಿಲ ಮೇಲೆ ನಿಂತ. ಹೆಗಲ ಮೇಲೆ ಚೀಲ, ಬಾಯಲ್ಲಿ ಅರ್ಧ ಆಡಿದ ಬೈಗುಳ. ಹಾಡು ಮುಗಿಯುವ ತನಕ ಹಾಗೇ ನಿಂತಿದ್ದು, ತಿರುಗಿ ಮೆಟ್ಟಿಲು ಹತ್ತಿ ಬಂದು, "ಇನ್ನೊಂದ್ ಸಲ ಹಾಕ್ಸಿ" ಎಂದ. ಅಂದಿನಿಂದ ಅವನ ಗೂಡು ಬೇರೆ ಬಾಗಿಲಿಗೆ ಹೋಗಿಲ್ಲ.

ಆ ಪ್ಲೇಟಿನ ಮೇಲಿನ ಚೀಟಿ ಸವೆದು ಹೋಗಿತ್ತು. ಹಾಡಿದವಳು ಯಾರು, ಯಾವ ಊರಿನವಳು, ಯಾರಿಗೂ ತಿಳಿಯದು. ಬೆಂಗಳೂರಿನ ದಂಡಿನಲ್ಲಿ ಯಾರದೋ ಮನೆ ಸಾಮಾನು ಮಾರುವಾಗ ಸಾಬರಿಗೆ ಬೇರೆ ಪ್ಲೇಟುಗಳ ಕಟ್ಟಿನಲ್ಲಿ ಸಿಕ್ಕಿದ್ದು. "ಹೆಸರಿಲ್ಲದೋಳು" ಎಂದೇ ಅದನ್ನು ಕರೆಯುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಸಾಬರ ಒಲೆಗಳು ಆರುತ್ತಿದ್ದವು, ಚರಕಗಳು ನಿಲ್ಲುತ್ತಿದ್ದವು. ಬೆಂದ ಹುಳುವಿನ ವಾಸನೆ ಮಾತ್ರ ಗೋಡೆಗೆ ಅಂಟಿಕೊಂಡು ಉಳಿಯುತ್ತಿತ್ತು. ಆಗ ಹಿತ್ತಲ ಜಗುಲಿಯಲ್ಲಿ ಮೂವರು ಸೇರುತ್ತಿದ್ದರು: ಸಾಬರು, ಗಂಗುಲಪ್ಪ, ಸ್ಕೂಲು ಮೇಷ್ಟ್ರು ಅನಂತರಾಮಯ್ಯ. ಮೇಷ್ಟ್ರು ಮೊದಮೊದಲು ಆ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಈಗ ಟೀ ಬರುವುದು ತಡವಾದರೆ ಒಳಗೆ ಕೇಳಿಸುವಂತೆ ಅವರೇ ಕೆಮ್ಮುತ್ತಾರೆ. ಸಾಬರ ಗ್ರಾಮಫೋನಿಗೆ ಹಿತ್ತಾಳೆಯ ದೊಡ್ಡ ಬಾಯಿ. ಒಂದೊಂದು ಪ್ಲೇಟಿಗೂ ಹೊಸ ಮುಳ್ಳು. ಮುಳ್ಳು ಇಳಿಸಿದ ಮೇಲೆ ಎತ್ತುವ ತನಕ ಯಾರೂ ಉಸಿರೆತ್ತುವಂತಿಲ್ಲ. ಎತ್ತಿದ ಕೂಡಲೇ ಶುರು. "ಹೆಸರಿಲ್ಲದೋಳು" ಹಾಡಿದ್ದು ಮೋಹನ ಎಂದು ಮೇಷ್ಟ್ರು, ಅಲ್ಲ ಭೂಪಾಲಿ ಎಂದು ಸಾಬರು. ಎರಡೂ ಒಂದೇ ಸ್ವರಗಳು, ಹೆಸರು ಬೇರೆ ಅಷ್ಟೇ ಎಂಬುದು ಇಬ್ಬರಿಗೂ ಗೊತ್ತು. ಆದರೂ ಜಗಳ. "ಇಬ್ರೂ ಬಾಯಿ ಮುಚ್ಕೊಂಡ್ರೆ ಇನ್ನೊಂದ್ ಸಲ ಕೇಳಬಹುದು," ಎಂದು ಗಂಗುಲಪ್ಪ ಕೀಲಿ ತಿರುಗಿಸುತ್ತಿದ್ದ.

ಅರವತ್ತೆಂಟನೇ ಇಸವಿ. ಊರೂರಿಗೂ ಟ್ರಾನ್ಸಿಸ್ಟರ್ ಬಂದಿತ್ತು. ಗಂಗುಲಪ್ಪನ ಮನೆಯಲ್ಲೂ ಒಂದು ಪೆಟ್ಟಿಗೆ ಗ್ರಾಮಫೋನು ಇತ್ತು, ಅದನ್ನು ತೆರೆದರೆ ಅಕ್ಕಪಕ್ಕದವರು ನಗುತ್ತಿದ್ದರು. ಹೊಲದಲ್ಲಿ ಬದುವಿನ ಮೇಲೆ ಕೂತು ಸಿಲೋನ್ ಹಾಡು ಕೇಳುವ ಕಾಲದಲ್ಲಿ ಕೈಯಲ್ಲಿ ಕೀಲಿ ಕೊಟ್ಟು ಮೂರು ನಿಮಿಷದ ಹಾಡಿಗೆ ಕಾಯುವವನು ಹುಚ್ಚನಲ್ಲವೇ? ಹುಚ್ಚನೇ. ಆದರೆ ಹುಚ್ಚನಿಗೂ ಜೊತೆಗಾರರು ಬೇಕು, ಗಂಗುಲಪ್ಪನಿಗೆ ಇದ್ದ ಜೊತೆಗಾರರು ಇಬ್ಬರೇ.

"ಮೇಷ್ಟ್ರಿಗೆ ಕೊಡಬಹುದಾಗಿತ್ತಲ್ಲ?" ಎಂದ ಅವನು, ಟ್ರಂಕಿನ ಮೇಲೆ ಕೈಯಿಟ್ಟು.

"ಮೇಷ್ಟ್ರ ಮನೆ ತುಂಬ ಪಾಠಕ್ಕೆ ಬರೋ ಮಕ್ಕಳು. ನಮ್ಮ ಮನೇಲಿ ಇನ್ನು ನೆಂಟರ ಜಾತ್ರೆ, ಮೇಲೆ ಒಲೆ ಹಬೆ. ನೀನು ಎಲ್ಲಿಡ್ತೀಯ ಹೇಳು."

"ಹುಳುಮನೇಲಿ ಇಡ್ತೀನಿ."

ಸಾಬರು ಹೂಂ ಎಂದು ತಲೆಯಾಡಿಸಿದರು. ರೇಷ್ಮೆಯವರಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ. ಹುಳುಮನೆಯೆಂದರೆ ಮನೆಯಲ್ಲಿ ಎಲ್ಲಕ್ಕಿಂತ ಚೊಕ್ಕಟವಾದ ಜಾಗ. ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ, ಬೀಡಿ ಹೊಗೆ ಕೂಡದು, ಒಗ್ಗರಣೆ ಘಾಟು ಕೂಡದು, ಹೊರಗಿನವರ ಕಣ್ಣು ಬೀಳಕೂಡದು. ಇಲಿ ಇಲ್ಲ, ಇರುವೆ ಇಲ್ಲ, ಮಕ್ಕಳ ಕಾಟವಿಲ್ಲ. ದೇವರ ಮನೆಗೆ ಬೀಗ ಹಾಕದವರೂ ಹುಳುಮನೆಗೆ ಹಾಕುತ್ತಾರೆ.

"ಆಗಾಗ ಹಾಕಿ ಕೇಳು. ಸುಮ್ನೆ ಮಲಗಿಸಬೇಡ ಅವನ್ನ," ಎಂದರು ಸಾಬರು.

ದಿಬ್ಬೂರಹಳ್ಳಿ ಬಸ್ಸಿನಲ್ಲಿ ಕಂಡಕ್ಟರು ಟ್ರಂಕನ್ನು ಮೇಲೆ ಹಾಕುತ್ತೇನೆಂದ. "ನಿನ್ನನ್ನೇ ಮೇಲೆ ಹಾಕ್ತೀನಿ," ಎಂದ ಗಂಗುಲಪ್ಪ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದಲ್ಲಿದ್ದ ಮುದುಕಿ ಒಳಗೆ ಮಗುವೇನಾದರೂ ಇದೆಯೇನಪ್ಪ ಎಂದು ಕೇಳಿದಳು. ಸಾಬರು ರೈಲು ಹತ್ತಿದ ದಿನ ಅವನು ಶಿಡ್ಲಘಟ್ಟದ ಸ್ಟೇಷನ್ನಿಗೆ ಹೋಗಿದ್ದ. ಹೂವಿನ ಹಾರದೊಳಗೆ ಸಾಬರ ಮೂಗೊಂದೇ ಕಾಣುತ್ತಿತ್ತು. ಅಷ್ಟು ಜನರ ಮಧ್ಯೆ ಅವರು ಇವನನ್ನು ಹುಡುಕಿ, "ಪ್ಲೇಟು ಜೋಪಾನ" ಎಂದರು. ಮನೆ ಜೋಪಾನ, ಮಕ್ಕಳು ಜೋಪಾನ ಎಂದು ಯಾರಿಗೂ ಹೇಳಿರಲಿಲ್ಲ.

ಸಂಕ್ರಾಂತಿ ಕಳೆಯುತ್ತಿದ್ದಂತೆ ಗಂಗುಲಪ್ಪನ ಮನೆಯಲ್ಲಿ ಹುಳು ಚಾಕಿ ಕಟ್ಟಿದರು. ಮೊಟ್ಟೆಯೊಡೆದು ಬಂದ ಎಳೆಯ ಹುಳುಗಳಿಗೆ ಬೆಚ್ಚಗಿರಬೇಕು, ಚಳಿ ತಟ್ಟಿದರೆ ಸೊಪ್ಪು ಮುಟ್ಟುವುದಿಲ್ಲ. ಆ ವರ್ಷ ಚಳಿ ನಂದಿಬೆಟ್ಟದಿಂದಲೇ ಇಳಿದು ಬಂದಂತಿತ್ತು. ಗಂಗುಲಪ್ಪನ ಹೆಂಡತಿ ಕದಿರಮ್ಮ ಕೆಂಡದ ಅಗ್ಗಿಷ್ಟಿಕೆಯೊಂದನ್ನು ಹುಳುಮನೆಯ ನಡುವೆ ಇಟ್ಟು, ಬಾಗಿಲಿಗೆ ಗೋಣಿ ತಾಟು ಇಳಿಬಿಟ್ಟಿದ್ದಳು. ಅವಳಿಗೆ ಶಾಖದ ಅಳತೆ ಮುಂಗೈಯಲ್ಲಿತ್ತು. ಕೋಣೆಯ ಒಂದೊಂದು ಕಡೆ ಕೈ ಚಾಚಿ ನೋಡಿ ಕೆಂಡ ಹೆಚ್ಚಿಸುವಳು, ಇಲ್ಲವೇ ಬೂದಿ ಮುಚ್ಚುವಳು.

"ಹಿಂದಿನ ಮೂಲೆ ಥಣ್ಣಗೆ ಕೊರೀತೈತೆ. ಅಲ್ಲೊಂದು ಹಚ್ಚಿಡೇ," ಎಂದು ಗಂಗುಲಪ್ಪ ಬಾಗಿಲಿಂದಲೇ ಕೂಗಿದ.

ಅವಳು ಹಚ್ಚಿಟ್ಟಳು. ಹಿಂದಿನ ಮೂಲೆಯಲ್ಲಿಯೇ ಸಾಬರ ಟ್ರಂಕು ಇತ್ತು. ಅದರ ಮೇಲೆ ದೂಳು ಕೂರದಂತೆ ಗಂಗುಲಪ್ಪ ಶುಭ್ರವಾದ ಪಂಚೆ ಹೊದಿಸಿದ್ದ. ಯಾರಿಗೂ ಏನೂ ಹೊಳೆಯಲಿಲ್ಲ. ಹುಳುವಿಗೆ ಒಳ್ಳೆಯದು ಎಲ್ಲದಕ್ಕೂ ಒಳ್ಳೆಯದು ಎಂದು ನಂಬಿ ಬೆಳೆದ ಜನ.

ಹುಳು ಪೊರೆ ಬಿಡುವ ಒಂದೊಂದೇ ಜ್ವರ ದಾಟಿ ಎದ್ದವು, ಹಣ್ಣಾದವು, ಚಂದ್ರಂಕಿಗಳ ಬಿದಿರು ತಟ್ಟಿಯ ಮೇಲೆ ಗೂಡು ಕಟ್ಟಿದವು. ಅಷ್ಟು ದಿನವೂ ಗಂಡಹೆಂಡಿರಿಗೆ ಸೊಪ್ಪು ಕೊಯ್ಯುವುದು, ಹಾಕುವುದು, ಹಿಕ್ಕೆ ತೆಗೆಯುವುದು ಬಿಟ್ಟು ಬೇರೆ ಲೋಕವಿರಲಿಲ್ಲ. ಬೆಳೆ ಚೆನ್ನಾಗಿ ಬಂತು. ಶಿವರಾತ್ರಿಯ ಹೊತ್ತಿಗೆ ಗೂಡು ಮಾರಿ ಬಂದ ಗಂಗುಲಪ್ಪ ಕಾಲು ತೊಳೆದು, ಪಡಸಾಲೆಯಲ್ಲಿ ತನ್ನ ಪೆಟ್ಟಿಗೆ ಗ್ರಾಮಫೋನನ್ನು ತೆರೆದಿಟ್ಟು, ಹೊಸ ಮುಳ್ಳು ಸಿಕ್ಕಿಸಿ, ಟ್ರಂಕನ್ನು ತಂದು ಮುಚ್ಚಳ ಎತ್ತಿದ.

ಒರಗಿಸಿ ನಿಲ್ಲಿಸಿದ್ದ ಪ್ಲೇಟುಗಳು ಒಂದರ ಮೇಲೊಂದು ಜೋತುಬಿದ್ದಿದ್ದವು. ಒಂದನ್ನು ಎತ್ತಿದ. ಬಾಣಲೆಯಿಂದ ತೆಗೆದ ಹಪ್ಪಳದ ಹಾಗೆ ಅದರ ಅಂಚು ಮೇಲೆದ್ದು ಕೆಳಗೆ ಬಿದ್ದು ಅಲೆಯಾಗಿತ್ತು. ಇನ್ನೊಂದು. ಮತ್ತೊಂದು. ಎಲ್ಲಕ್ಕಿಂತ ಅಗ್ಗಿಷ್ಟಿಕೆಯ ಕಡೆಗಿದ್ದದ್ದು "ಹೆಸರಿಲ್ಲದೋಳು".

"ಯಾರೇ ಇದರ ಮಗ್ಗುಲಲ್ಲಿ ಬೆಂಕಿ ಇಟ್ಟೋರು?"

ಆ ಕೂಗಿಗೆ ಬೀದಿಯ ನಾಯಿ ಎದ್ದು ಓಡಿತು. ಕದಿರಮ್ಮ ಖಾಲಿ ಚಂದ್ರಂಕಿಗಳನ್ನು ಗೋಡೆಗೆ ಒರಗಿಸುತ್ತಿದ್ದವಳು ತಿರುಗಿ ನೋಡಿದಳು.

"ನಾನೇ ಇಟ್ಟಿದ್ದು. ಇಡು ಅಂದೋರು ಯಾರು?"

"ಟ್ರಂಕಿನ ಪಕ್ಕ ಇಡು ಅಂದ್ನಾ ನಾನು?"

"ಹಿಂದಿನ ಮೂಲೇಲಿ ಇಡು ಅಂದೆ. ಆ ಮೂಲೇಲಿ ಟ್ರಂಕು ತಂದು ಇಟ್ಟೋರು ಯಾರು, ನಮ್ಮಪ್ಪನಾ?"

ತಪ್ಪು ತನ್ನದೆನಿಸಿದಾಗಲೆಲ್ಲ ಮಾಡುವುದನ್ನೇ ಗಂಗುಲಪ್ಪ ಮಾಡಿದ. ಅವಳ ತಲೆಯಲ್ಲಿ ಮಿದುಳಿಲ್ಲವೆಂದ, ಅವಳ ತೌರಿನಲ್ಲಿ ಯಾರಿಗೂ ಇಲ್ಲವೆಂದ, ಇಂಥವಳನ್ನು ಕಟ್ಟಿಕೊಂಡದ್ದೇ ತಪ್ಪೆಂದ. ಕದಿರಮ್ಮ ಕೊನೆತನಕ ಕೇಳಿದಳು. ಆಮೇಲೆ ಚಂದ್ರಂಕಿಗಳ ಕೆಲಸ ಮುಗಿಸಿ ಒಳಗೆ ಹೋದಳು. ಅಂದಿನಿಂದ ಗಂಡನ ಮುಂದೆ ಮುದ್ದೆಯ ತಟ್ಟೆ ತಂದಿಡುವಳು, ಮಾತು ಮಾತ್ರ ಇಲ್ಲ.

ಮಾರನೆಯ ದಿನ ಅವನು ಟ್ರಂಕು ಹೊತ್ತು ಮೇಷ್ಟ್ರ ಮನೆಗೆ ಹೋದ. ಅನಂತರಾಮಯ್ಯ ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಅದನ್ನು ಜಗುಲಿಯ ಮೇಲೆ ಮೆಲ್ಲಗೆ ಇಟ್ಟರು.

"ಗಂಗುಲಪ್ಪನೋರೇ, ಇದೇನ್ರಿ ಇದು?"

"ನನ್ನ ಮುಖ ಇದು. ಸಾಬರು ಬಂದ್ರೆ ಏನಂತ ತೋರಿಸ್ಲಿ?"

"ಬೇರೆ ಪ್ಲೇಟು ತಂದಿಡೋಣ ಅಂದ್ರೆ..." ಎಂದು ಮೇಷ್ಟ್ರು ಅರ್ಧಕ್ಕೆ ನಿಲ್ಲಿಸಿದರು. ಉಳಿದವು ಎಲ್ಲಾದರೂ ಸಿಕ್ಕಿದರೂ ಸಿಕ್ಕಾವು. ಹೆಸರಿಲ್ಲದವಳನ್ನು ಏನೆಂದು ಹೇಳಿ ಹುಡುಕುವುದು? ಆಕೆಯ ಹಾಡು ಲೋಕದಲ್ಲಿ ಈ ಒಂದೇ ತಟ್ಟೆಯ ಮೇಲಿತ್ತೋ ಏನೋ.

ಹಿಂದಿನ ಮನುಷ್ಯನಾಗಿದ್ದರೆ ಗಂಗುಲಪ್ಪ ಅಲ್ಲಿಯೂ ಕೂಗಾಡುತ್ತಿದ್ದ. ಈಗ ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟ. ಸಾಬರು ಸಮುದ್ರದ ಆಚೆ, ತಮ್ಮ ದೇವರ ಮುಂದೆ, ಇವನನ್ನು ನಂಬಿ ನಿಶ್ಚಿಂತೆಯಾಗಿ ನಿಂತಿರುವುದು ಕಣ್ಣಿಗೆ ಕಟ್ಟಿದಂತಾಗುತ್ತಿತ್ತು. ಸಾಬರ ಜಗುಲಿಯ ಶುಕ್ರವಾರಗಳು ಇನ್ನಿಲ್ಲ ಎನ್ನುವುದು ಒಂದು. ನಂಬಿದವರಿಗೆ ಹೀಗೆ ಮಾಡಿದೆ ಎನ್ನುವುದು ಅದಕ್ಕಿಂತ ದೊಡ್ಡದು.

ಮೇಷ್ಟ್ರು ಅವನನ್ನು ಎಬ್ಬಿಸಿಕೊಂಡು ರೈಲಿನಲ್ಲಿ ಚಿಂತಾಮಣಿಗೆ ಕರೆದೊಯ್ದರು. ಅಲ್ಲಿ ಬಯ್ಯಪ್ಪನೆಂಬಾತ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ಹಿಂದೆ ಪ್ಲೇಟುಗಳನ್ನೂ ಮಾರುತ್ತಿದ್ದ. ಬಯ್ಯಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದು ಪ್ಲೇಟನ್ನು ಬೆಳಕಿಗೆ ಹಿಡಿದ.

"ಹಾಡಿನ ಗೀರು ಹೋಗಿಲ್ಲ. ಬದುಕೈತೆ," ಎಂದ. "ಇದು ಅರಗಿನ ಮಾಲು ಕಣಪ್ಪ. ಎರಡು ಗಾಜಿನ ಮಧ್ಯೆ ಇಟ್ಟು ಬಿಸಿಲಿಗಿಡು. ಮೇಲಿನ ಗಾಜಿನ ಭಾರಕ್ಕೆ ತಾನಾಗೇ ಕೂತ್ಕಬೇಕು, ನೀನು ಒತ್ತಬಾರದು. ಕೂತ ಮೇಲೆ ಗಾಜು ಸಮೇತ ನೆರಳಿಗೆ ತಂದು ಪೂರ್ತಿ ಆರೋಗಂಟ ಮುಟ್ಟಬಾರದು. ಬಿಸಿ ಕಮ್ಮಿ ಇದ್ದಾಗ ಅದುಮಿದ್ರೆ ಸೀಳ್ತದೆ. ಜಾಸ್ತಿ ಆದ್ರೆ ಗೀರೆಲ್ಲ ಕರಗಿ ಹಾಡು ಸತ್ತೋಗ್ತದೆ."

"ಎಷ್ಟು ಹೊತ್ತು ಇಡಬೇಕು?"

"ಅದು ಬಿಸಿಲಿಗೆ ಗೊತ್ತು, ಪ್ಲೇಟಿಗೆ ಗೊತ್ತು. ನನ್ನ ಕೇಳಿದ್ರೆ?" ಬಯ್ಯಪ್ಪ ಗಂಗುಲಪ್ಪನ ಮುಖವನ್ನು ಒಂದು ಗಳಿಗೆ ನೋಡಿದ. "ನಿನ್ನ ಮೂಗು ನೋಡಿದ್ರೆ ಈ ಕೆಲಸ ನಿನ್ನ ಕೈಲಿ ಆಗಾಕಿಲ್ಲ ಅನ್ನಿಸ್ತದೆ. ಮನೇಲಿ ಸಮಾಧಾನದೋರು ಯಾರಾದ್ರೂ ಇದ್ರೆ ನೋಡು."

ಗಾಜನ್ನು ಎಲ್ಲಿಂದ ತರುವುದು ಎಂದು ಅವರಿಬ್ಬರೂ ದಾರಿಯಲ್ಲಿ ಮಾತಾಡಿಕೊಂಡು ಬಂದರು. ಮೇಷ್ಟ್ರ ಹೆಂಡತಿ ಸುಂದರಮ್ಮ ಬಾಗಿಲಲ್ಲಿ ನಿಂತು ವಿಷಯ ಕೇಳಿದವರು, ಒಳಗೆ ಹೋಗಿ ಗೋಡೆಯ ಪಟಗಳನ್ನು ಇಳಿಸಿ ತಂದರು. ಮೇಷ್ಟ್ರು ಮಕ್ಕಳ ಮಧ್ಯೆ ಕೂತ ಸ್ಕೂಲಿನ ದೊಡ್ಡ ಫೋಟೋ ಒಂದು, ದೇವರ ಪಟಗಳು ಎರಡು. ಹಿಂದಿನ ರಟ್ಟು ಕಿತ್ತು ಗಾಜುಗಳನ್ನು ಸೆರಗಿನಲ್ಲಿ ಒರೆಸಿ ಜೋಡಿಸಿದರು.

"ದೇವರ ಪಟದ್ದೂನಾ, ಅಮ್ಮಾ?" ಎಂದ ಗಂಗುಲಪ್ಪ.

"ಗಾಜಿಲ್ಲದಿದ್ರೆ ದೇವರ ಮುಖ ಇನ್ನೂ ಚೆನ್ನಾಗಿ ಕಾಣುತ್ತೆ, ತಗೊಂಡ್ಹೋಗಿ," ಎಂದರು ಆಕೆ. "ನಮ್ಮ ಮನೆಯೋರ ಮುಖಕ್ಕಂತೂ ಗಾಜು ದಂಡ."

ಉಪಕಾರವಾಯಿತು ಎನ್ನುವ ಅಭ್ಯಾಸ ಗಂಗುಲಪ್ಪನ ನಾಲಿಗೆಗೆ ಇರಲಿಲ್ಲ. "ಒಡೆಯಲ್ಲ, ತಂದು ಕೊಡ್ತೀನಿ," ಎಂದಷ್ಟೇ ಗೊಣಗಿ, ಗಾಜನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟ.

ಮೊದಲು ತನ್ನದೇ ಒಂದು ಹಳೆಯ ಪ್ಲೇಟಿನ ಮೇಲೆ ಪ್ರಯೋಗ ಮಾಡಿದ. ಅದನ್ನು ಕೆಂಡದ ಮೇಲೆ ಹಿಡಿದು ಬಗ್ಗಿಸಿ, ಮಾಳಿಗೆಗೆ ಒಯ್ದು, ಗಾಜಿನ ಮಧ್ಯೆ ಬಿಸಿಲಿಗಿಟ್ಟು ಕಾದ. ಒಂದು ಬೀಡಿ ಸೇದಿದ. ಅಂಚು ಒಂದು ಕಡೆ ಇನ್ನೂ ಎದ್ದೇ ಇತ್ತು. ಎರಡನೇ ಬೀಡಿ ಅರ್ಧವಾಗುವಷ್ಟರಲ್ಲಿ ತಡೆಯಲಾರದೆ ಅಂಗೈಯಿಂದ ಒಂದಿಷ್ಟೇ ಒತ್ತಿದ. ಟಕ್ ಎಂದಿತು. ಗಾಜಿನ ಕೆಳಗೆ ಪ್ಲೇಟು ಎರಡು ಹೋಳಾಗಿತ್ತು.

ಅವನು ಬೈಯಲಿಲ್ಲ. ಮಾಳಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ತನ್ನ ಅಂಗೈಯನ್ನು ನೋಡಿಕೊಂಡ. ಬಯ್ಯಪ್ಪ ಹೇಳಿದ್ದ ಸಮಾಧಾನದ ಮನುಷ್ಯ ಈ ಮನೆಯಲ್ಲಿ ಯಾರೆಂದು ಅವನಿಗೆ ಮೊದಲೇ ಗೊತ್ತಿತ್ತು. ಕೇಳುವ ಬಾಯನ್ನು ಅವನೇ ಹೊಲಿದುಕೊಂಡಿದ್ದ.

ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕದಿರಮ್ಮ ಹುರುಳಿ ಆರಿಸುತ್ತಿದ್ದಳು.

"ಮೂಲೆಗೆ ಟ್ರಂಕು ಇಟ್ಟೋನು ನಾನೇ. ಬೆಂಕಿ ಇಡು ಅಂದೋನೂ ನಾನೇ," ಎಂದ.

ಅವಳು ಮೊರದಿಂದ ಕಲ್ಲೊಂದನ್ನು ಹೆಕ್ಕಿ ಎಸೆದಳು.

"ನಿಮ್ಮ ತೌರಿನೋರ ವಿಚಾರ ಅಂದಿದ್ದೂ ತಪ್ಪು."

"ನಮ್ಮಣ್ಣನ ವಿಚಾರ ಬಿಡು, ಅದು ನಿಜಾನೇ," ಎಂದಳು ಕದಿರಮ್ಮ. ಎಷ್ಟೋ ದಿನಕ್ಕೆ ಅವಳ ದನಿ ಕೇಳಿತು. "ಏನು ಒಡೆದೆ ಮೇಲೆ? ಸದ್ದು ಬಂತು."

ಮರುದಿನದಿಂದ ಮಾಳಿಗೆ ಕದಿರಮ್ಮನ ವಶವಾಯಿತು. "ನೀನು ಮುಟ್ಟಬೇಡ, ಕಾಗೆ ಓಡಿಸ್ಕೊಂಡು ಕೂತ್ಕೊ," ಎಂದು ಗಂಡನಿಗೆ ಒಂದು ಕಡ್ಡಿ ಕೊಟ್ಟಳು. ಗಾಜನ್ನು ಕಂಬಳಿಯ ಮೇಲಿಟ್ಟು, ಮಧ್ಯೆ ಪ್ಲೇಟು ಇಟ್ಟು, ಮೇಲೆ ಇನ್ನೊಂದು ಗಾಜನ್ನು ಮೆಲ್ಲಗೆ ಇಳಿಸಿದಳು. ಹುಳುಮನೆಯಲ್ಲಿ ಮಾಡುವ ಹಾಗೆಯೇ ಮುಂಗೈಯನ್ನು ಗಾಜಿಗೆ ತಾಗಿಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದಳು. ಒಂದು ಗಳಿಗೆಯಲ್ಲಿ, ಯಾರೂ ಮುಟ್ಟದೆ, ಮೇಲಿನ ಗಾಜು ಎಳ್ಳಷ್ಟು ಕೆಳಗಿಳಿಯಿತು. ನಿದ್ದೆ ಬಂದ ಮಗುವಿನ ತಲೆ ತೋಳಿಗೆ ವಾಲುವ ಹಾಗೆ.

"ಕೊಡೆ ಹಿಡಿ," ಎಂದಳು. ಅವನು ಕೊಡೆ ಬಿಚ್ಚಿ ನೆರಳು ಮಾಡಿದ. ಇಬ್ಬರೂ ಸೇರಿ ಕಂಬಳಿ ಸಮೇತ ಎತ್ತಿ ನೆರಳಿಗೆ ತಂದರು.

ಹೀಗೆ ದಿನಕ್ಕೊಂದು, ಬಿಸಿಲು ಒಳ್ಳೆಯದಿದ್ದರೆ ಎರಡು. ಮೋಡ ಕವಿದರೆ ಇಲ್ಲ. ಊರಿಗೆ ಇದೊಂದು ನೋಟವಾಯಿತು. ಪಕ್ಕದ ಮನೆಯ ವೆಂಕಟರಾಮಪ್ಪ ಬೀದಿಯಲ್ಲಿ ನಿಂತು, "ಏನ್ ಗಂಗುಲಪ್ಪಣ್ಣ, ಹಪ್ಪಳಾನಾ ಸಂಡಿಗೇನಾ?" ಎಂದು ಕೂಗಿದ.

ಊರಿಗೆ ಊರೇ ಬೈಗುಳಕ್ಕೆ ಕಾದು ನಿಂತಿತು.

"ಹಪ್ಪಳ ಕಣಪ್ಪ," ಎಂದ ಗಂಗುಲಪ್ಪ ಮಾಳಿಗೆಯಿಂದ. "ಒಣಗಲಿ, ನಿಮ್ಮನೆಗೂ ಕಳಿಸ್ತೀನಿ."

ವೆಂಕಟರಾಮಪ್ಪ ಗಾಬರಿಯಾಗಿ, ಇವನ ಮೈ ಸರಿಯಿಲ್ಲವೇನೋ ಎಂದು ಮನೆಯವರನ್ನು ವಿಚಾರಿಸಿದನಂತೆ. ಗಂಗುಲಪ್ಪನಿಗೆ ಆ ಮಧ್ಯಾಹ್ನಗಳಲ್ಲಿ ಬೈಯಲು ಪುರುಸೊತ್ತಿರಲಿಲ್ಲ. ಕಣ್ಣು ಗಾಜಿನ ಮೇಲಿದ್ದರೂ ಆಗಾಗ ಹೆಂಡತಿಯ ಮುಂಗೈ ಮೇಲೆ ಹೋಗುತ್ತಿತ್ತು. ಹಿಪ್ಪುನೇರಳೆ ಕೊಯ್ದು ಗೀರು ಬಿದ್ದ ಕೈ. ಮದುವೆಯಾದಾಗಿನಿಂದ ಅವನ ಮನೆಯ ಹುಳುಗಳೆಲ್ಲ ಆ ಕೈಯ ಶಾಖದಲ್ಲಿ ಬದುಕಿದ್ದವು. ಅವನು ಅದನ್ನು ನೋಡುವುದು ಇದೇ ಮೊದಲೇನೋ. "ಬಿಸಿಲು, ಸೆರಗು ತಲೆ ಮೇಲೆ ಹಾಕ್ಕೊ," ಎಂದ. ಅವಳು ಅವನನ್ನು ವಿಚಿತ್ರವಾಗಿ ನೋಡಿ ಸೆರಗು ಹಾಕಿಕೊಂಡಳು.

"ಹೆಸರಿಲ್ಲದೋಳು" ಕೊನೆಗೆ ಉಳಿದಿತ್ತು. ಹೆಚ್ಚು ಬಗ್ಗಿದ್ದೂ ಅದೇ. ಎರಡು ಸಲ ಇಟ್ಟರೂ ಒಂದು ಅಂಚು ಪೂರ್ತಿ ಕೂರಲಿಲ್ಲ. ಕದಿರಮ್ಮ ತೋಟಕ್ಕೆ ಹೋಗಿದ್ದಾಗ ಗಂಗುಲಪ್ಪ ಕೀಲಿ ಕೊಟ್ಟು ಮುಳ್ಳು ಇಳಿಸಿದ. ಆಕೆ ಹಾಡಿದಳು! ಆದರೆ ಪ್ಲೇಟು ಒಂದು ಸುತ್ತು ಬರುವಾಗಲೆಲ್ಲ ಮುಳ್ಳು ಅಂಚನ್ನೇರಿ ಇಳಿಯುತ್ತಿತ್ತು, ದನಿಯೂ ಅದರ ಜೊತೆ ಒಂದಿಷ್ಟು ತೂಗುತ್ತಿತ್ತು.

ಇನ್ನೊಂದು ಸಲ ಇಡೋಣವೇ ಎಂದು ಸಂಜೆ ಹೆಂಡತಿಯನ್ನು ಕೇಳಿದ.

"ಬೇಡ," ಎಂದಳು ಅವಳು. "ಮುಟ್ಟಿದ್ರೆ ಗೀರೆಲ್ಲ ಸಣ್ಣಗೆ ನುಣುಪಾಗ್ತಾ ಬರ್ತೈತೆ. ಇನ್ನೂ ಕಾಯಿಸಿದ್ರೆ ದನಿ ಅಳಿಸ್ತದೆ. ಉಳಿದಿದ್ದನ್ನ ಉಳಿಸ್ಕೊ."

ಒಂದು ಅಂಚಿಗಾಗಿ ಇಡೀ ಹಾಡನ್ನು ಪಣಕ್ಕಿಡಲು ಅವನ ಕೈ ತುರಿಸುತ್ತಿತ್ತು. ಸರಿಮಾಡಿಯೇ ತೀರಬೇಕು, ಸಾಬರಿಗೆ ತಪ್ಪು ಹೇಳುವ ಪ್ರಮೇಯವೇ ಬರಬಾರದು ಎಂದು ಮನಸ್ಸು ಕೂಗುತ್ತಿತ್ತು. ಕೊನೆಗೆ ಪ್ಲೇಟನ್ನು ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ.

ಯುಗಾದಿ ಕಳೆದು ಸಾಬರು ಬಂದರು. ಬಿಳಿ ಗಡ್ಡ ಬಿಟ್ಟು ಸೊರಗಿದ್ದರು, ಕಣ್ಣು ಮಾತ್ರ ಹೊಳೆಯುತ್ತಿದ್ದವು. ಈಗ ಅವರು ಹಾಜಿ ಸಾಬರು. ಮೊದಲ ಶುಕ್ರವಾರವೇ ಗಂಗುಲಪ್ಪ ಟ್ರಂಕು ಹೊತ್ತು ಹೋದ. ಮೇಷ್ಟ್ರು ಆಗಲೇ ಬಂದು ಖರ್ಜೂರ ತಿನ್ನುತ್ತಿದ್ದರು. ಸಾಬರು ಎದ್ದು ತಬ್ಬಿಕೊಳ್ಳಲು ಕೈ ಚಾಚಿದರು.

"ತಡೀರಿ," ಎಂದ ಗಂಗುಲಪ್ಪ. "ಮೊದಲು ಕೇಳಿ, ಆಮೇಲೆ ತಬ್ಕೊಳ್ಳೋದು ಒದೆಯೋದು ನಿಮಗೆ ಬಿಟ್ಟಿದ್ದು. ನಿಮ್ಮ ಅಮಾನತ್ತು ಕೊಟ್ಟಂಗೆ ಉಳಿದಿಲ್ಲ. ಹುಳುಮನೆ ಬೆಂಕಿ ಶಾಖಕ್ಕೆ ಎಲ್ಲ ಬಗ್ಗಿಹೋಗಿದ್ವು. ನನ್ನ ತಪ್ಪು. ಚಿಂತಾಮಣಿ ಬಯ್ಯಪ್ಪ ದಾರಿ ಹೇಳ್ದ, ಮೇಷ್ಟ್ರ ಮನೆ ಅಮ್ಮಾವ್ರು ಗೋಡೆ ಮೇಲಿನ ಪಟದ ಗಾಜು ಬಿಚ್ಚಿ ಕೊಟ್ರು, ನನ್ನ ಹೆಂಡ್ತಿ ಬಿಸಿಲಲ್ಲಿ ಕೂತು ನೆಟ್ಟಗೆ ಮಾಡಿದ್ಳು. ನಾನು ಕಾಗೆ ಓಡಿಸ್ದೆ. ಎಲ್ಲ ಸರಿಹೋದ್ವು, ಹೆಸರಿಲ್ಲದೋಳು ಮಾತ್ರ ಪೂರ್ತಿ ಆಗ್ಲಿಲ್ಲ."

ಇಷ್ಟು ಉದ್ದದ ಮಾತನ್ನು, ಅದರಲ್ಲೂ ಬೈಗುಳವಿಲ್ಲದೆ, ಅವನು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಸಾಬರ ಮುಖ ಕಪ್ಪಿಟ್ಟಿತು. ಚಾಚಿದ್ದ ಕೈ ಕೆಳಗಿಳಿಯಿತು. ಅವರು ಟ್ರಂಕು ತೆರೆದು, ಆ ಒಂದು ಪ್ಲೇಟನ್ನೇ ಹುಡುಕಿ ತೆಗೆದು, ಮೆದುವಾಗಿ ಒರೆಸಿ, ಯಂತ್ರದ ಮೇಲಿಟ್ಟರು. ಹೊಸ ಮುಳ್ಳು ಸಿಕ್ಕಿಸಿದರು.

ಹಿತ್ತಾಳೆಯ ಬಾಯಿಂದ ದನಿ ಬಂತು. ಏರಿತು, ಇಳಿಯಿತು, ಸುತ್ತಿಗೊಮ್ಮೆ ತೂಗಿತು. ಸಾಬರು ಕಣ್ಣು ಮುಚ್ಚಿದರು. ಗಂಗುಲಪ್ಪ ನೆಲ ನೋಡುತ್ತ ನಿಂತ. ಹಾಡು ಅರ್ಧಕ್ಕೆ ಬಂದಾಗ ಸಾಬರ ಮೈ ಆ ದನಿಯ ಜೊತೆ ಅತ್ತಿತ್ತ ತೂಗತೊಡಗಿತು. ಮುಳ್ಳು ಎತ್ತಿದಾಗ ಗಡ್ಡದೊಳಗೆ ನಗು ಇತ್ತು.

"ಮೇಷ್ಟ್ರೇ, ಹಡಗಿಳಿದು ಇಷ್ಟು ದಿನ ಆಯ್ತು, ಇನ್ನೂ ನಂಗೆ ನೆಲ ಅಲ್ಲಾಡ್ತದೆ," ಎಂದರು. "ಗೋಡೆ ಹಿಡ್ಕೊಂಡು ನಡೀತೀನಿ. ಮನೆಯೋರಿಗೆ ಹೇಳಿದ್ರೆ ನಗ್ತಾರೆ. ಇವತ್ತು ಈಯಮ್ಮ ಹಾಡೋದು ಕೇಳ್ತಾ ತಲೆ ನೆಟ್ಟಗೆ ನಿಂತ್ಕೊಂತು. ಇವಳೂ ಹಡಗಲ್ಲೇ ಬಂದೋಳ ಹಂಗೆ ಹಾಡ್ತಾಳೆ."

"ಸಾಬರೇ, ಸಮಾಧಾನಕ್ಕೆ ಹೇಳಬೇಡಿ," ಎಂದ ಗಂಗುಲಪ್ಪ.

"ನಿಂಗೆ ಸಮಾಧಾನ ಹೇಳೋಕೆ ನಂಗೇನು ಹುಚ್ಚಾ? ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಆದ್ರೆ ಹುಳುಮನೇಲಿ ಇಡ್ತೀನಿ ಅಂದಾಗ ಹೂಂ ಅಂದೋನು ನಾನೇ ಅಲ್ವಾ? ಹುಟ್ಟಿದಾಗಿನಿಂದ ಗೂಡು ನೋಡಿದೋನು, ನಂಗೂ ಹೊಳೀಲಿಲ್ಲ." ಅವರು ಬಂದು, ಮೊದಲು ಚಾಚಿದ್ದ ಕೈಯಿಂದ ಅವನನ್ನು ಬಿಗಿಯಾಗಿ ತಬ್ಬಿಕೊಂಡರು. ಆಮೇಲೆ ಕೇಳಿದರು: "ಇದನ್ನ ನೆಟ್ಟಗೆ ಮಾಡಿದ್ಳಲ್ಲ ನಮ್ಮ ತಂಗಿ, ಅವಳು ಹಾಡು ಕೇಳಿದ್ಳಾ?"

ಇಲ್ಲವೆಂದು ಗಂಗುಲಪ್ಪ ತಲೆಯಾಡಿಸಿದ. ದಿನಗಟ್ಟಲೆ ಬಿಸಿಲಲ್ಲಿ ಕೂತು ಆ ದನಿಯನ್ನು ಉಳಿಸಿದವಳಿಗೆ ದನಿ ಹೇಗಿದೆಯೆಂದು ಗೊತ್ತಿರಲಿಲ್ಲ. ಬಾ, ಕೂತು ಕೇಳು ಎಂದು ಅವನು ಕರೆದಿರಲಿಲ್ಲ. ಈ ಪ್ಲೇಟಿಗೆ ಮಾತ್ರವಲ್ಲ, ಯಾವ ಪ್ಲೇಟಿಗೂ ಕರೆದಿರಲಿಲ್ಲ.

ಸಾಬರಿಗೆ ಅರ್ಥವಾಯಿತು. ಪ್ಲೇಟನ್ನು ಕಾಗದದಲ್ಲಿ ಸುತ್ತಿ, ಒಂದು ಹಿಡಿ ಖರ್ಜೂರದ ಜೊತೆ ಅವನ ಕೈಗಿಟ್ಟರು. "ಮುಂದಿನ ಶುಕ್ರವಾರ ತಗೊಂಡ್ ಬಾ," ಎಂದರು.

"ಮತ್ತೆ ನನ್ನ ಕೈಗೇ?"

"ತಂಗಿ ಕೈಗೆ ಕಣೋ. ನೀನು ಬರೀ ಹೊತ್ಕೊಂಡು ಹೋಗೋನು."

ಮೇಷ್ಟ್ರು ಕೆಮ್ಮಿದರು. ಒಳಗಿನಿಂದ ಟೀ ಬಂತು.

ಗಂಗುಲಪ್ಪ ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಕದಿರಮ್ಮ ಪಡಸಾಲೆಯಲ್ಲಿ ಸೊಪ್ಪಿನ ರಾಶಿಯ ಮುಂದೆ ಕೂತು ಎಲೆ ಬಿಡಿಸುತ್ತಿದ್ದಳು.

"ಏನಂದ್ರು?" ಎಂದಳು ತಲೆಯೆತ್ತದೆ.

ಅವನು ಖರ್ಜೂರವನ್ನು ಅವಳ ಮಡಿಲಿಗೆ ಹಾಕಿದ. ಪೆಟ್ಟಿಗೆ ತೆರೆದು ಕೀಲಿ ಕೊಟ್ಟ. "ಸೊಪ್ಪು ಆಮೇಲೆ," ಎಂದ. "ಇಲ್ಲಿ ಬಂದು ಕೂತ್ಕೊ. ನಿಂಗೇ ಅಂತ ಕಳಿಸವ್ರೆ."

"ನಂಗಾ?" ಅವಳು ಅನುಮಾನದಿಂದಲೇ ಹತ್ತಿರ ಬಂದು ಕೂತಳು. ಕೈಯಲ್ಲೊಂದು ಎಲೆ ಹಾಗೇ ಇತ್ತು.

ಹೆಸರಿಲ್ಲದವಳು ಹಾಡಿದಳು. ಕದಿರಮ್ಮ ಮೊದಲು ಯಂತ್ರವನ್ನು ನೋಡಿದಳು, ಆಮೇಲೆ ತಿರುಗುವ ಅಂಚನ್ನು ನೋಡಿದಳು, ಆಮೇಲೆ ಏನನ್ನೂ ನೋಡಲಿಲ್ಲ. ಹಾಡು ಮುಗಿದು ಮುಳ್ಳು ಕರಕರ ಎನ್ನತೊಡಗಿದರೂ ಗಂಗುಲಪ್ಪ ಎತ್ತಲಿಲ್ಲ. ಅವಳು ಏನನ್ನುವಳೋ ಎಂದು ಕಾದಿದ್ದ.

"ಪಾಪ, ತೊಡೆ ಮೇಲೆ ಮಗು ಹಾಕ್ಕೊಂಡು ಹಾಡವ್ಳೆ," ಎಂದಳು ಕದಿರಮ್ಮ. "ತೂಗ್ತಾ ತೂಗ್ತಾ ಹಾಡೋದು ಗೊತ್ತಾಗಲ್ವಾ?"

ಗಂಗುಲಪ್ಪ ಮುಳ್ಳು ಬದಲಾಯಿಸಿ, ಮತ್ತೆ ಕೀಲಿ ಕೊಡತೊಡಗಿದ.